ಮ್ಯೂಟ್ ಮಾಡಿದರೂ ಹೋಗದ ತಲೆನೋವು

ಶನಿವಾರ ಮಧ್ಯಾಹ್ನ ಎರಡು ಗಂಟೆ ಹದಿನೈದು ನಿಮಿಷ. ಜರ್ಮನಿಯಲ್ಲಿ ಆಗ ರಾತ್ರಿ ಎಂಟೂಕಾಲು. ಅಲ್ಲಿನ ಟೀವಿಯಲ್ಲಿ ದೊಡ್ಡ ದೊಡ್ಡ ಹಾಡಿನ ಕಾರ್ಯಕ್ರಮ ಶುರುವಾಗುವುದು ಆ ಹೊತ್ತಿಗೇ. ಇಲ್ಲಿ ಅಮೆರಿಕದ ನೋವೈ ಊರಿನ ನಮ್ಮ ಮನೆಯ ಬೇಸ್‌ಮೆಂಟ್‌ನಲ್ಲಿ ನಾವು ಮೂವರು ಸಾಯಲು ಶುರು ಮಾಡಿದ್ದೂ ಆ ಹೊತ್ತಿಗೇ.

(ಗಾಬರಿಯಾಗಬೇಡಿ. ಅಂಕಣ ಬಂದಿದೆ ಅಂದಮೇಲೆ ನಾನು ಇದ್ದೇನೆ.)

ನನ್ನ ಗಂಡ ರಘು ಪಕ್ಕದೂರು ಲಿವೋನಿಯಾದಲ್ಲಿ, ಕಾರಿನ ಬಿಡಿಭಾಗ ಮಾಡುವ ಒಂದು ಜರ್ಮನ್ ಕಂಪನಿಯಲ್ಲಿ ಎಂಜಿನಿಯರ್. ಮೀಟಿಂಗಿನಲ್ಲಿ ಜರ್ಮನ್ನರು ಅವರವರೇ ಏನೋ ಹೇಳಿಕೊಂಡು ನಗುವಾಗ ಇವರು ಪೆಚ್ಚುಮೋರೆ ಹಾಕಿ ಕೂರಬೇಕಿತ್ತಂತೆ. ಜರ್ಮನ್ ಕಲಿಯುತ್ತೇನೆ ಎಂದು ಹೊರಟರು. ಆ್ಯಪು, ಪುಸ್ತಕ ಎಲ್ಲ ಆಯಿತು. ಕೊನೆಗೆ ಜೊತೆಯವನೊಬ್ಬ ಹೇಳಿದನಂತೆ: ಸುಮ್ಮನೆ ಶ್ಲಾಗರ್ ನೋಡು, ತಾನಾಗೇ ಬರುತ್ತದೆ.

ಶ್ಲಾಗರ್ ಅಂದರೆ ಅಲ್ಲಿಯ ಲಘು ಸಂಗೀತ. ಮಿರಮಿರ ಮಿನುಗುವ ಕೋಟು ತೊಟ್ಟವನೊಬ್ಬ ಹಲ್ಲೆಲ್ಲ ತೋರಿಸಿ ಹಾಡುತ್ತಾನೆ. ಹೃದಯ, ಸಮುದ್ರ, ಇವತ್ತಿನ ರಾತ್ರಿ, ಮತ್ತೆ ಹೃದಯ. ಕೂತ ಜನ, ಅದರಲ್ಲಿ ಅಜ್ಜ ಅಜ್ಜಿಯರೇ ಹೆಚ್ಚು, ಪಕ್ಕದವರ ತೋಳಿಗೆ ತೋಳು ಸಿಕ್ಕಿಸಿಕೊಂಡು ಒಟ್ಟಿಗೇ ಎಡಕ್ಕೂ ಬಲಕ್ಕೂ ತೂಗಾಡುತ್ತಾರೆ. ನಾಚಿಕೆಯೇ ಇಲ್ಲದ ಸಂತೋಷ. ಒಂದು ಪದ ಅರ್ಥವಾಗದಿದ್ದರೂ ನನಗದು ಹಿಡಿಸಿತು.

ಮೈಸೂರಿನಿಂದ ಬಂದಿದ್ದ ಅತ್ತೆಗೆ ಹಿಡಿಸಲಿಲ್ಲ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಕ್ಕೆ ಇವರಿಗಿಂತ ಶ್ರುತಿಜ್ಞಾನ ಇರುತ್ತದೆ ಎಂದುಬಿಟ್ಟರು. ಅಷ್ಟೇ ಅಲ್ಲ, ಶನಿವಾರ ಶನಿವಾರ ಅವರಿಗೆ ತಲೆನೋವು. ಅರ್ಧ ಗಂಟೆ ಹಾಡು ಕೇಳಿದರೆ ಹಣೆ ಹಿಡಿದುಕೊಳ್ಳುವುದು. ಮೇಲೆ ಬಂದು ಕಾಫಿ ಕುಡಿದರೆ ವಾಸಿ. ಇನ್ನೇನು ಸಾಕ್ಷಿ ಬೇಕು? ಜರ್ಮನ್ ಹಾಡೇ ಕಾರಣ ಎಂದು ಮನೆಯಲ್ಲಿ ತೀರ್ಪಾಗಿ ಹೋಯಿತು. ರಘು ಮಾತ್ರ ಒಪ್ಪಲಿಲ್ಲ. ಅವರಿಗೂ ತಲೆ ಭಾರವಾಗುತ್ತಿತ್ತು ಅನ್ನುವುದು ಆಮೇಲೆ ಹೊರಬಿತ್ತು. ಅದು ವ್ಯಾಕರಣದಿಂದ ಅಂದುಕೊಂಡಿದ್ದರಂತೆ.

ಆ ಶನಿವಾರ ಹೊರಗೆ ಹಿಮಗಾಳಿ. ಮೇಲೆ ಒಬ್ಬರೇ ಕೂರಲು ಬೇಸರವಾಗಿ ಅತ್ತೆ ಕೆಳಗೇ ಬಂದರು. ಸ್ವಲ್ಪ ಹೊತ್ತಿಗೆ ಹಣೆಗೆ ಕೈ ಹೋಯಿತು. ಜಗಳ ಯಾಕೆ ಎಂದು ರಘು ರಿಮೋಟ್ ತೆಗೆದುಕೊಂಡು ಮ್ಯೂಟ್ ಮಾಡಿದರು. ಕೆಳಗೆ ಮೂಡುವ ಅಕ್ಷರ ಓದಿಕೊಳ್ಳುತ್ತೇನೆ ಅಂದರು. ವೇದಿಕೆಯ ಮೇಲೆ ಬಣ್ಣದ ಹೊಗೆ ಬಿಟ್ಟಿದ್ದರು. ಅದರೊಳಗೆ ಕೋಟಿನವನು ಸದ್ದಿಲ್ಲದೆ ಬಾಯಿ ತೆರೆದು ಮುಚ್ಚುತ್ತಿದ್ದ.

ಒಂದಷ್ಟು ಹೊತ್ತಾದ ಮೇಲೆ ಅತ್ತೆ ಕೇಳಿದರು. "ಅಲ್ಲ ಕಣೇ, ಇವನು ಬಾಯಿ ಮುಚ್ಕೊಂಡ್ರೂ ನನ್ ತಲೆ ಸಿಡೀತಾನೇ ಇದೆಯಲ್ಲೇ?"

ನಾನು ನಕ್ಕೆ. ಪರದೆಯ ಮೇಲೆ ಜನ ತೂಗಾಡಲು ಶುರು ಮಾಡಿದ್ದರು. ರಘುವೂ ಅವರ ಜೊತೆ ಎಡಕ್ಕೆ ವಾಲಿದರು. ಜನ ಬಲಕ್ಕೆ ಬಂದರು.

ರಘು ಬರಲಿಲ್ಲ.

"ರೀ, ಸಾಕು ನಾಟಕ," ಅಂದೆ. ಎದ್ದೆ. ನಾನೂ ಎಡಕ್ಕೇ ವಾಲಿದೆ. ಕಾರ್ಬನ್ ಮೊನಾಕ್ಸೈಡ್ ಅಂದರೆ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ ಎಂದು ಪಿಯುಸಿಯಲ್ಲಿ ಉರುಹೊಡೆದ ಸಾಲು ಆಗ ನೆನಪಾಯಿತು. ಓದಿದ್ದೆಲ್ಲ ಎಷ್ಟು ನಿಧಾನವಾಗಿ ತಲೆಗೆ ಬರುತ್ತದೆ ನೋಡಿ. ಕೆನ್ನೆಗೆ ಬಾರಿಸಿದೆ. ರಘು ಅರೆಗಣ್ಣು ಬಿಟ್ಟರು. ಒಂದು ತೋಳು ನಾನು, ಇನ್ನೊಂದು ಅತ್ತೆ. ಅರ್ಧ ನಡೆಸಿ, ಅರ್ಧ ಎಳೆದು ಮೆಟ್ಟಿಲು ಹತ್ತಿಸಿದೆವು. ನಡುವೆ ಅತ್ತೆ ಕುಸಿದು ಕೂತರು. ಮಗನ ತೋಳು ಮಾತ್ರ ಬಿಡಲಿಲ್ಲ. ಹೇಗೋ ಬಾಗಿಲು ತೆರೆದು ಮೂವರೂ ಹಿಮದ ಮೇಲೆ ಬಿದ್ದೆವು. ಅಲ್ಲಿಂದಲೇ 911ಕ್ಕೆ ಫೋನ್ ಮಾಡಿದೆ. ತಣ್ಣನೆ ಗಾಳಿ ತಾಗಿ ರಘು ಕಣ್ಣು ಬಿಟ್ಟರು.

"ಪ್ರೋಗ್ರಾಮ್ ಮುಗೀತಾ?"

ಅತ್ತೆ ಜೋರಾಗಿ ಅತ್ತದ್ದು ಆಗಲೇ.

ಅಗ್ನಿಶಾಮಕದವರು ಮೀಟರ್ ಹಿಡಿದು ಒಳಗೆ ಹೋಗಿ, ಮುಖ ಬಿಗಿದುಕೊಂಡು ಹೊರಗೆ ಬಂದರು. ಬೇಸ್‌ಮೆಂಟ್ ಗೋಡೆಯ ಹಿಂದೆ, ಮನೆ ಬೆಚ್ಚಗಿಡಲು ಉರಿಯುವ ಫರ್ನೇಸಿನ ಹೊಗೆ ಸಾಗಿಸುವ ಪೈಪು ಒಂದು ಕಡೆ ಸಡಿಲವಾಗಿತ್ತು. ಅಂದು ಅದರ ಹೊರಬಾಯಿಗೂ ಹಿಮ ಮೆತ್ತಿಕೊಂಡಿತ್ತು. ಎಲ್ಲ ಹೇಳಿ ಅವರಲ್ಲೊಬ್ಬ ಕೇಳಿದ: ಮನೆಯಲ್ಲಿ ಅಲಾರ್ಮ್ ಇಲ್ಲವೇ?

ಇತ್ತು. ಹೊಗೆಗೂ ಈ ಅನಿಲಕ್ಕೂ ಸೇರಿ ಒಂದೇ. ಬೇಸ್‌ಮೆಂಟ್ ಮೆಟ್ಟಿಲ ಬಳಿ, ಅಡುಗೆಮನೆಯ ಪಕ್ಕದ ಗೋಡೆಯಲ್ಲಿ. ಅತ್ತೆ ಹುಳಿಗೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಾಗಲೆಲ್ಲ ಅದು ಬೊಬ್ಬೆ ಹೊಡೆಯುತ್ತಿತ್ತು. ಅತ್ತೆ ಊರಿಗೆ ಹೋಗುವ ತನಕ ಇರಲಿ ಎಂದು ರಘು ಅದನ್ನು ಬಿಚ್ಚಿ, ಬ್ಯಾಟರಿ ತೆಗೆದು, ಲಟ್ಟಣಿಗೆ ಇಡುವ ಡ್ರಾಯರಿಗೆ ಹಾಕಿದ್ದರು. ನಾನೇ ಸ್ಟೂಲ್ ಹಿಡಿದುಕೊಂಡಿದ್ದೆ. ಒಗ್ಗರಣೆ ಅಂದರೆ ಏನು ಎಂದು ಆ ಮನುಷ್ಯನಿಗೆ ಇಂಗ್ಲಿಷಿನಲ್ಲಿ ಹೇಗೆ ಹೇಳಲಿ? ನಿಮ್ಮಲ್ಲಿ ಎಷ್ಟು ಜನರ ಡ್ರಾಯರಿನಲ್ಲಿ ಅದು ಈಗಲೂ ಮಲಗಿದೆಯೋ, ನೀವೇ ಹೇಳಬೇಕು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಮರುದಿನ ಮನೆಗೆ ಕಳಿಸಿದರು. ಫರ್ನೇಸ್ ರಿಪೇರಿಯಾಯಿತು. ಅಲಾರ್ಮ್ ಗೋಡೆಗೆ ಮರಳಿತು. ಕೆಳಗೂ ಹೊಸದೊಂದು ಬಂತು. ಅತ್ತೆ ಕಿಟಕಿ ತೆರೆದೇ ಒಗ್ಗರಣೆ ಹಾಕುತ್ತಾರೆ, ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇದ್ದರೂ. ಮೊನ್ನೆ ಶನಿವಾರ ಮೇಲಿನ ಹಾಲ್‌ನಲ್ಲಿ ಪೂರ್ತಿ ಸೌಂಡ್ ಇಟ್ಟು ಶ್ಲಾಗರ್ ನೋಡಿದೆವು. ಅತ್ತೆ ಮೊದಲಿಂದ ಕೊನೆವರೆಗೆ ಕೂತರು. ಹಣೆ ಮುಟ್ಟಿಕೊಳ್ಳಲಿಲ್ಲ. "ಪಾಪ, ಇವನನ್ನ ಸುಮ್ಸುಮ್ನೆ ಬೈದ್ವಲ್ಲೋ," ಅಂದರು ಮಗನಿಗೆ.

ನಮಗೆ ಹಿಡಿಸದ್ದನ್ನೇ ನಮ್ಮ ನೋವಿಗೆ ಕಾರಣ ಮಾಡಿಬಿಡುವುದು ಎಷ್ಟು ಸುಲಭ. ಸೊಸೆ, ಹವಾಮಾನ, ಪಕ್ಕದ ಮನೆ, ಪರಭಾಷೆ. ನಿಜವಾದ ಕಾರಣ ಗೋಡೆಯ ಹಿಂದೆ ಸದ್ದಿಲ್ಲದೆ ಸೋರುತ್ತಿರುತ್ತದೆ.

ಎಲ್ಲ ಸರಿಹೋಯಿತು, ನನ್ನ ನಿದ್ದೆಯೊಂದು ಬಿಟ್ಟು. ಕಣ್ಣು ಮುಚ್ಚಿದರೆ ರಘು ಎಡಕ್ಕೆ ವಾಲುತ್ತಾರೆ, ನಾನು ನಗುತ್ತೇನೆ. ಎದ್ದು ಅವರ ಮೂಗಿನ ಹತ್ತಿರ ಬೆರಳಿಡುತ್ತೇನೆ. ಅತ್ತೆಯ ಬಾಗಿಲಿಗೆ ಕಿವಿಯಿಡುತ್ತೇನೆ. ವಾರಗಟ್ಟಲೆ ಇದೇ ಆಯಿತು.

ಕಳೆದ ಮಂಗಳವಾರ ಎಚ್ಚರವಾದಾಗ ಕಿಟಕಿ ತುಂಬ ಬಿಸಿಲು. ನಡುವೆ ಒಮ್ಮೆಯೂ ಎದ್ದಿರಲಿಲ್ಲ. ರಘು ಆಗಲೇ ಆಫೀಸಿಗೆ ಹೋಗಿಯಾಗಿತ್ತು. ಯಾಕೆ ಎಬ್ಬಿಸಲಿಲ್ಲ ಎಂದು ಫೋನ್ ಮಾಡಿ ಜಗಳ ತೆಗೆದೆ.

"ಎಬ್ಬಿಸೋಣ ಅಂತಾನೇ ಬಂದೆ. ನೀನು ಗೊರಕೆ ಹೊಡೀತಿದ್ದೆ. ಸ್ವಲ್ಪ ಹೊತ್ತು ಅಲ್ಲೇ ಕೂತ್ಕೊಂಡು ಕೇಳಿ ಹೊರಟೆ," ಅಂದರು.

ಇದೇ ಗೊರಕೆ ತಾಳಲಾರದೆ ದಿಂಬು ಹೊತ್ತುಕೊಂಡು ಹಾಲ್‌ಗೆ ಹೋಗುತ್ತಿದ್ದ ಮನುಷ್ಯ ಅಲ್ಲವೇ ಇವರು?