ಹನುಮಂತ ಮಾವನ ಮುಯ್ಯಿ

ನೀರು ಚಿಮುಕಿಸಿದ ಕಡಲೆಕಾಯಿಯ ಹಸಿ ವಾಸನೆ ಎಲ್ಲಿ ಮೂಗಿಗೆ ಬಿದ್ದರೂ ನನಗೆ ಮಿಡಿಗೇಶಿಯ ಅಜ್ಜಿಮನೆಯ ಜಗಲಿ ನೆನಪಾಗುತ್ತದೆ. ಬಿತ್ತನೆಗೆ ಮುಂಚೆ ಕಾಯಿ ನೆನೆಸಿ, ಬೀಜದ ಕೆಂಪು ಸಿಪ್ಪೆ ಕಿತ್ತುಬರದಂತೆ ಬೆರಳಲ್ಲೇ ಬಿಡಿಸಬೇಕಿತ್ತು. ಅದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಇವತ್ತು ನಮ್ಮಲ್ಲಿಗೆ ನೀವು, ನಾಳೆ ನಿಮ್ಮಲ್ಲಿಗೆ ನಾವು; ಅದನ್ನು ಮುಯ್ಯಿ ಎನ್ನುತ್ತಿದ್ದರು. ಮೊರ ಹಿಡಿದು ಎಲ್ಲರೂ ತಾವಾಗಿಯೇ ಬರುತ್ತಿದ್ದರು. ನಮ್ಮ ಜಗಲಿಗೆ ಮಾತ್ರ ಮೂರು ವರ್ಷದಿಂದ ಒಬ್ಬರೂ ಬಂದಿರಲಿಲ್ಲ.

ಅಮ್ಮನ ತಮ್ಮ ಹನುಮಂತ ಮಾವ ಪಾವಗಡದಾಚೆ ತೆಲುಗು ಸೀಮೆಯಲ್ಲಿ ಮೇಷ್ಟ್ರಾಗಿದ್ದವನು, ಅಲ್ಲಿನ ರೈತರ ಹೋರಾಟಕ್ಕೆ ಸೇರಿ ಜೈಲಿಗೆ ಹೋಗಿದ್ದ. ಪೊಲೀಸರು ಬಂದು ಮನೆ ಜಾಲಾಡಿದ ಮೇಲೆ ಊರು ನಮ್ಮನ್ನು ಬೈಯಲಿಲ್ಲ, ಬರುವುದನ್ನು ನಿಲ್ಲಿಸಿತು ಅಷ್ಟೆ. ಅವರ ಹೆದರಿಕೆ ಈಗ ಅರ್ಥವಾಗುತ್ತದೆ. ಎಂಟು ವರ್ಷದ ನನಗೆ ಆಗ ಬರೀ ಸಿಟ್ಟು. ಐವತ್ತರ ದಶಕದ ಶುರುವಿನಲ್ಲಿ ಸರ್ಕಾರ ಅಂಥವರನ್ನು ಬಿಡುತ್ತಾ ಬಂದಾಗ ಮಾವನೂ ಮಧುಗಿರಿ ಬಸ್ಸಿನಿಂದ ಇಳಿದ. ಜೈಲಿನ ರೂಢಿ ಬಿಡದೆ, ತೆರೆದ ಬಾಗಿಲ ಮುಂದೆಯೂ ಯಾರಾದರೂ ಹೋಗು ಎನ್ನುವವರೆಗೆ ನಿಂತೇ ಇರುತ್ತಿದ್ದ. ಊರು ಸೇರಿಸಿಕೊಳ್ಳದಿದ್ದರೆ ಇವನು ಮತ್ತೆ ಹೊರಟುಬಿಡುತ್ತಾನೆಂದು ಅಜ್ಜಿಗೆ ಭಯ.

ಆ ವರ್ಷವೂ ಅಜ್ಜಿ, ಅಮ್ಮ, ಮಾವ, ನಾನು ನಾಲ್ವರೇ ಕೂತು ಕಾಯಿ ಬಿಡಿಸುತ್ತಿದ್ದೆವು. ಪಕ್ಕದ ಮನೆಯ ಪುಟ್ಟಕ್ಕ ಮೊರ ತಂದು ಮಾವನ ಎದುರಿಗೇ ಕೂತಳು. ಅರ್ಧ ಬೊಗಸೆ ಬಿಡಿಸಿ, "ಲೇ ಅಣ್ಮಂತ, ಕುಡಿಯಾಕೆ ಒಂದ್ ಚೆಂಬು ನೀರು ತಾರ್ಲಾ" ಎಂದಳು. ಮಾವ ಎದ್ದವನು ಹೊಸ್ತಿಲಲ್ಲೇ ನಿಂತುಬಿಟ್ಟ.

"ಬಾಗ್ಲು ತೆಗ್ದೇ ಐತೆ ಕಣ್ಲಾ, ಓಗು. ನಾಳೀಕೆ ನಮ್ಮನೆ ಕಾಯಿ ಐತೆ, ಮುಯ್ಯಿಗೆ ಬಂದ್ಬುಡು."

ಮಾರನೆ ಬೆಳಿಗ್ಗೆ ಎದ್ದು ನೋಡಿದರೆ ತಲೆಬಾಗಿಲು ಹಾರುಹೊಡೆದಿತ್ತು, ಮಾವನ ಚಾಪೆ ಖಾಲಿ. "ತಿರ್ಗಾ ಕರ್ಕೊಂಡೋದ್ರು ಕಣಮ್ಮ" ಎಂದು ಅಜ್ಜಿ ಎದೆ ಹಿಡಿದುಕೊಂಡಳು. ನಾನು ಬೀದಿಗೆ ಓಡಿದೆ. ಪುಟ್ಟಕ್ಕನ ಜಗಲಿಯಲ್ಲಿ, ಏಳೆಂಟು ಜನರ ನಡುವೆ, ನಮ್ಮನೆ ಮೊರ ಮುಂದಿಟ್ಟುಕೊಂಡು ಮಾವ ಕಾಯಿ ಬಿಡಿಸುತ್ತಿದ್ದ. ಹಿಂದೆಯೇ ಏದುಸಿರು ಬಿಡುತ್ತಾ ಬಂದ ಅಜ್ಜಿಗೆ, ತಲೆ ಎತ್ತದೆ, "ನಾನೇ ಅಗಳಿ ತೆಗ್ದೆ ಕಣವ್ವ" ಎಂದ. ಅಜ್ಜಿ ಅಳುತ್ತಲೇ ಅವನ ಪಕ್ಕ ಕೂತು ಕಾಯಿಗೆ ಕೈ ಹಾಕಿದಳು. ನನಗೂ ಮೂರು ವರ್ಷದ ಸಿಟ್ಟು ಅಲ್ಲೇ ಇಳಿದುಹೋಯಿತು.

ಈಗ ಕಾಯಿ ಸುಲಿಯಲು ಮಿಷನ್ ಇದೆ. ಮನೆ ಬಿದ್ದುಹೋಗಿದೆ. ಆ ಜಗಲಿಯಲ್ಲಿ ಕೂತವರಲ್ಲಿ ಉಳಿದವಳು ನಾನೊಬ್ಬಳೇ. ಅಜ್ಜಿ ಇದ್ದಷ್ಟು ದಿನವೂ ಹಗಲು ಹೊತ್ತು ಆ ತಲೆಬಾಗಿಲು ಹಾಕಲು ಯಾರನ್ನೂ ಬಿಡಲಿಲ್ಲ.