ಶೇಂಗಾ ಚೀಲದ ಹೊಲಿಗೆ

ನಾನು ಬಳ್ಳಾರಿಯಿಂದ ಕೊಪ್ಪಳಕ್ಕೆ ಸೊಸೆಯಾಗಿ ಬಂದದ್ದು ಒಂದು ದೇಶ ಬಿಟ್ಟು ಇನ್ನೊಂದಕ್ಕೆ ಬಂದಂತೆಯೇ. ಅತ್ತ ಇಂಗ್ಲಿಷರ ಆಳಿಕೆ, ಇತ್ತ ನಿಜಾಮರದು. ಯಲಬುರ್ಗಾ, ಕುಷ್ಟಗಿಯ ಹತ್ತಿ, ಶೇಂಗಾ, ಔಡಲ ಅತ್ತ ಹೋಗುತ್ತಿದ್ದವು. ಅತ್ತಲಿಂದ ಬಟ್ಟೆ, ಬಳೆ, ಸೀಮೆಎಣ್ಣೆ ಬರುತ್ತಿದ್ದವು. ಹೋಗುವುದಕ್ಕೂ ಸುಂಕ, ಬರುವುದಕ್ಕೂ ಸುಂಕ. ಮಾವನವರದು ಶೇಂಗಾ ವ್ಯಾಪಾರ.

ಮೊದಲ ದಿನವೇ ಸ್ಟೇಷನ್ನಿನಲ್ಲಿ ಸುಂಕದ ನಾಕೇದಾರ ನನ್ನ ಗಂಟು ಬಿಚ್ಚಿಸಿದ. ಅದರಲ್ಲಿ ತೀರಿಕೊಂಡ ಅವ್ವನ ಸೀರೆಗಳಿಂದ ಅಜ್ಜಿ ಹೊಲಿದ ಕೌದಿಯಿತ್ತು. ಆ ಮನುಷ್ಯನಿಗೊಂದು ಚಾಳಿ: ದಾರದ ತುದಿ ಕಂಡರೆ ಸಾಕು, ಬೆರಳಿಗೆ ಸುತ್ತಿ ಎಳೆಯುವುದು. ಕೌದಿಯ ಮೂಲೆಯಲ್ಲಿ ಎಳೆದ. ಒಳಪದರದಿಂದ ಅವ್ವನ ಮದುವೆ ಸೀರೆಯ ಗಿಳಿಹಸಿರು ರೇಷ್ಮೆ ಇಣುಕಿತು.

“ಕೌದ್ಯಾಗ ರೇಷ್ಮಿ ಮುಚ್ಚಿಕೊಂಡು ಬಂದೀಯೇನವಾ? ಸುಂಕ ಕಟ್ಟಿಲ್ಲ. ಜಪ್ತಿ.”

“ನಮ್ಮವ್ವಂದ್ರಿ ಅದು,” ಎಂದೆ.

“ಇಲ್ಲಿ ಸಿಕ್ಕ ಮಾಲೆಲ್ಲಾ ಯಾರದಾರ ಅವ್ವಂದ ಇರ್ತೈತಿ,” ಎಂದು ನಕ್ಕು, ಚಾಕುವಿನಿಂದ ಕೊಯ್ದು ರೇಷ್ಮೆಯನ್ನು ತೆಗೆದುಕೊಂಡ.

ಮಾವನವರು ಅವನಿಗೆ ಕೈಮುಗಿದರು, ಅವರ ಚೀಲಗಳೂ ಅವನ ಕಣ್ಣೆದುರೇ ದಾಟಬೇಕಿತ್ತು. ನಾನು ಹರಿದ ಕೌದಿಯನ್ನು ಮಡಚಿಕೊಂಡೆ. ಬಳ್ಳಾರಿಯ ಕಾನ್ವೆಂಟಿನ ಸಿಸ್ಟರುಗಳು ಮೆಲುದನಿ ಕಲಿಸಿದ್ದರು, ಸಣ್ಣ ಹೊಲಿಗೆ ಕಲಿಸಿದ್ದರು. ಕ್ಷಮೆಯ ಪಾಠ ಮಾತ್ರ ನನಗೆ ಹತ್ತಲಿಲ್ಲ.

ಕೆಲವು ವರ್ಷಗಳಲ್ಲಿ ನನ್ನ ಹೊಲಿಗೆ ಊರಿಗೆ ಗೊತ್ತಾಗಿ, ಆ ನಾಕೇದಾರನ ಶೆರವಾನಿಯೂ ನಮ್ಮ ಮನೆಗೆ ಬಂತು. ಭುಜದಲ್ಲಿ ತೋಳಿನ ಹೊಲಿಗೆ ಬಿಟ್ಟಿತ್ತು; ಹೈದರಾಬಾದಿನಿಂದ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು.

“ಹೊಲದು ಕೊಡವಾ. ನಮ್ಮ ಶೇಂಗಾ ಅವನ ಕೈಯಾಗ ಐತಿ,” ಎಂದರು ಮಾವ.

ತೋಳು ಮಗುಚಿದೆ. ಒಳಗೆ ಅಸ್ತರ ಗಿಳಿಹಸಿರು. ಅಂಚಿನಲ್ಲಿ ಹೆಬ್ಬೆರಳಗಲದ ಅರಿಶಿನದ ಕಲೆ, ಮದುವೆಯ ದಿನ ಅವ್ವನ ಬೆರಳಿಂದ ಹತ್ತಿದ್ದೇ.

ನಮ್ಮ ಅಂಗಳದಲ್ಲಿ ಹಮಾಲರು ದಬ್ಬಣದಿಂದ ಶೇಂಗಾ ಚೀಲದ ಬಾಯಿ ಹೊಲಿಯುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಕುಣಿಕೆಯೊಳಗೆ ಕುಣಿಕೆ. ಹೊತ್ತರೂ ಎಸೆದರೂ ಬಿಚ್ಚದು; ಕೊನೆಯ ತುದಿ ಹಿಡಿದೆಳೆದರೆ ಮಾತ್ರ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಆ ಹೊಲಿಗೆಯನ್ನೇ ರೇಷ್ಮೆ ದಾರದಲ್ಲಿ, ಸಾಸಿವೆಯಷ್ಟು ಸಣ್ಣದಾಗಿ ಹಾಕಿದೆ. ಭುಜದ ಮುಂದೆ, ಅವನ ಕಣ್ಣಿಗೆ ಬೀಳುವ ಕಡೆ, ಒಂದಿಷ್ಟು ತುದಿ ಬಿಟ್ಟೆ.

ತಪಾಸಣೆಯ ದಿನ ತವರಿಗೆ ಹೊರಟ ನೆಪದಲ್ಲಿ ನಾನೂ ಸ್ಟೇಷನ್ನಿನಲ್ಲಿದ್ದೆ. ನಾಕೇದಾರ ಚೀಲಗಳ ಸಾಲು ತೋರಿಸುತ್ತ ನಡುವೆ ಭುಜದ ಕಡೆ ನೋಡಿದ. ಬೆರಳು ತಾನೇ ಹೋಯಿತು. ಸುತ್ತಿದ, ಎಳೆದ. ತೋಳು ಸರ್ರನೆ ಮುಂಗೈಗೆ ಇಳಿಯಿತು; ರೇಷ್ಮೆ ಹೊರಗೆ ಜೋತುಬಿತ್ತು.

“ಚೀಲದ ಬಾಯಿ ಬಿಚ್ಚಿತು ನೋಡ್ರಪಾ,” ಎಂದ ಒಬ್ಬ ಹಮಾಲ. ಉಳಿದವರು ರುಮಾಲಿನ ತುದಿ ಬಾಯಿಗಿಟ್ಟುಕೊಂಡರು.

ದೊಡ್ಡ ಸಾಹೇಬರು ರೇಷ್ಮೆಯನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿದರು. “ಮಾಲು ಛಲೋ ಐತಿ. ಇದರ ಸುಂಕ ಯಾರು ಕಟ್ಯಾರ?”

ನಾಕೇದಾರ ಜಾರಿದ ತೋಳನ್ನು ಭುಜಕ್ಕೆ ಒತ್ತಿಹಿಡಿದ. ತಿರುಗಿದವನ ಕಣ್ಣಿಗೆ ನಾನು ಬಿದ್ದೆ. ಅವನಿಗೆ ಕಾಣಲೆಂದೇ ಮೆಲ್ಲಗೆ ನಕ್ಕೆ. ನನ್ನ ಮೇಲೆ ಅವನು ದೂರು ಹೇಳುವಂತಿರಲಿಲ್ಲ. ರೇಷ್ಮೆ ಯಾರದೆಂದು ಮೊದಲು ಹೇಳಬೇಕಾಗುತ್ತಿತ್ತು.

ತವರಿನಿಂದ ಮರಳಿದಾಗ ಶೆರವಾನಿ ಮತ್ತೆ ನನ್ನನ್ನೇ ಕಾಯುತ್ತಿತ್ತು. ಏನೂ ತಿಳಿಯದ ಅವನ ಹೆಂಡತಿ ಕಳಿಸಿದ್ದಳು. ಎರಡೂ ತೋಳಿನಿಂದ ಅವ್ವನ ರೇಷ್ಮೆ ಬಿಚ್ಚಿಕೊಂಡೆ. ಬದಲಿಗೆ ಶೇಂಗಾ ಚೀಲದ ತಟ್ಟಿನ ಅಸ್ತರ ಕೊಟ್ಟು, ಈ ಸಲ ಕಾನ್ವೆಂಟಿನ ಹೊಲಿಗೆ ಹಾಕಿದೆ, ಬಿಚ್ಚಲು ಬಾರದ್ದು. ಚುಚ್ಚುತ್ತದೆಂದು ಅವನು ಹೇಳಿಕಳಿಸಲಿಲ್ಲ.