ಹುಳು ಎಣಿಸುವ ದಾಮಣ್ಣ

ದಾಮಣ್ಣ ನಮ್ಮ ಮನೆಗೆ ಬಂದವರು ಮೊದಲ ಕಾಲು ಗಂಟೆ ಏನೂ ಮಾಡುತ್ತಿರಲಿಲ್ಲ. ಬಕೆಟ್ಟು, ಪೈಪು, ಬಲೆ ಎಲ್ಲವನ್ನೂ ಬಾಗಿಲ ಬಳಿ ಇಟ್ಟು, ಮೀನಿನ ಟ್ಯಾಂಕಿನ ಎದುರು ಸ್ಟೂಲು ಎಳೆದುಕೊಂಡು ಕೂತುಬಿಡುವರು. ಒಂದು ಬೆರಳನ್ನು ನೀರಿಗದ್ದಿ ಮೂಸುವರು. ಆಮೇಲೆ ತುಟಿ ಅಲುಗಿಸುತ್ತಾ ಗಾಜಿಗೆ ಅಂಟಿದ ಬಸವನಹುಳುಗಳನ್ನು ಒಂದೊಂದಾಗಿ ಎಣಿಸುವರು. ಮೊದಲ ಸಲ ಇದನ್ನು ನೋಡಿದಾಗ, ಈ ಮನುಷ್ಯ ಕೆಲಸಕ್ಕೆ ಬಂದದ್ದೋ ಹೆಣ್ಣು ನೋಡಲು ಬಂದದ್ದೋ ಎಂದು ನನಗೆ ರೇಗಿಹೋಯಿತು. ಫಳ್ನೀರಿನ ಆಫೀಸಿಗೆ ಹೊರಡಲು ಹೊತ್ತಾಗುತ್ತಿತ್ತು.

ಟ್ಯಾಂಕು ನನ್ನ ಗಂಡನ ಶೋಕಿ. ದುಬೈಯಿಂದ ರಜೆಗೆ ಬಂದಾಗ, ಪಡೀಲಿನ ನಮ್ಮ ಮನೆಯಲ್ಲಿ ಊಟದ ಮೇಜಿನ ಪಕ್ಕಕ್ಕೇ ಅದನ್ನು ಇಡಿಸಿ, ನಾಲ್ಕು ಏಂಜಲ್ ಮೀನು ಬಿಟ್ಟು, ರಜೆ ಮುಗಿದದ್ದೇ ವಿಮಾನ ಹತ್ತಿದರು. ಮೀನು ನನ್ನ ಕೊರಳಿಗೆ ಬಿತ್ತು. ಮನೆಯಲ್ಲಿ ಉಳಿದವರು ನಾನು ಮತ್ತು ಅತ್ತೆ. ಅತ್ತೆ ಬೇಸಾಯದ ಮನೆಯಿಂದ ಬಂದವರು, ಮಾತು ಕಡಿಮೆ. ನಾನು ಹಾಸನದ ಕಡೆಯವಳು, ಮಾತೂ ಜಾಸ್ತಿ, ಸಿಟ್ಟೂ ಜಾಸ್ತಿ. ತುಳು ಅರ್ಥವಾಗುತ್ತದೆ, ಆಡಲು ನಾಲಿಗೆ ಹೊರಳುವುದಿಲ್ಲ. ಹಾಗಾಗಿ ನನ್ನೊಡನೆ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಾರೆ.

ಟ್ಯಾಂಕಿಗೆಂದು ತಂದ ಹೊಸ ಗಿಡದ ಜೊತೆ ಒಂದೋ ಎರಡೋ ಹುಳು ಬಂದಿರಬೇಕು. ಎರಡು ತಿಂಗಳಾಗುವಷ್ಟರಲ್ಲಿ ಗಾಜು, ಕಲ್ಲು, ಎಲೆ, ಎಲ್ಲೆಲ್ಲೂ ಅವೇ. ಗದ್ದೆಯಲ್ಲಿ ಸಿಗುವ ನರ್ತೆ ಹುಳುವಿನಷ್ಟು ದೊಡ್ಡದಿದ್ದರೆ ಕಾಯಿತುರಿ ಹಾಕಿ ಸುಕ್ಕವಾದರೂ ಮಾಡಬಹುದಿತ್ತು ಎಂದು ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಆಫೀಸಿನಲ್ಲಿ ವಿಚಾರಿಸಿದಾಗ ಸಿಕ್ಕಿದವರೇ ದಾಮಣ್ಣ.

ಅವರು ಕಡಲಿನ ಮನೆಯವರು. ಹದಿನೆಂಟು ವರ್ಷ ಬೋಟಿನಲ್ಲಿ ಮೀನು ಹಿಡಿದವರು. ಒಮ್ಮೆ ಬಲೆ ಎಳೆಯುವಾಗ ಹಗ್ಗಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳು ಹೋದವು, ಅಲ್ಲಿಗೆ ಕಡಲೂ ಮುಗಿಯಿತು. ಈಗ ಸ್ಕೂಟರಿನಲ್ಲಿ ಮನೆ ಮನೆಗೆ, ಕ್ಲಿನಿಕ್ಕುಗಳಿಗೆ ಹೋಗಿ ಟ್ಯಾಂಕು ತೊಳೆಯುತ್ತಿದ್ದರು. ಇಷ್ಟು ವರ್ಷ ಕೊಂದದ್ದಕ್ಕೆ ಈಗ ಸಾಕುವ ಶಿಕ್ಷೆ ಎಂದು ತಾವೇ ತಮಾಷೆ ಮಾಡುವರು. ಆ ಮೂರು ಬೆರಳಿನ ಕೈ ನೀರಿಗಿಳಿದರೆ ಮೀನುಗಳು ಬೆದರುತ್ತಿರಲಿಲ್ಲ. ನಾನು ಕೈ ಹಾಕಿದರೆ ಮೂಲೆ ಸೇರುತ್ತಿದ್ದವು.

ಹುಳುವಿಗೆ ಅವರ ಉಪಾಯ ಇಷ್ಟೇ. ಸಂಜೆ ಮುಳ್ಳುಸೌತೆಯ ಒಂದು ಹೋಳನ್ನು ಚಮಚಕ್ಕೆ ಸಿಕ್ಕಿಸಿ ತಳಕ್ಕೆ ಬಿಡಬೇಕು. ಬೆಳಿಗ್ಗೆ ಎತ್ತಿದರೆ ಹೋಳಿನ ತುಂಬ ಹುಳು. ಅವನ್ನು ಉಪ್ಪಿನಕಾಯಿ ಬಾಟಲಿಗೆ ಹಾಕಿಡಬೇಕು, ಚರಂಡಿಗೆ ಚೆಲ್ಲಕೂಡದು. ಅವರು ಬಂದಾಗ ತಮ್ಮ ಕೋಳಿಗಳಿಗೆ ಒಯ್ಯುತ್ತಿದ್ದರು. ಮೀನಿಗೆ ಆಹಾರ ಬೆಳಿಗ್ಗೆ ಎರಡು ಚಿಟಿಕೆ ಮಾತ್ರ. ಔಷಧದ ಸುದ್ದಿಯೇ ಬೇಡ ಎಂದು ಕಟ್ಟಪ್ಪಣೆ.

ನಾನು ಕೇಳುವವಳೇ? ಹದಿನೈದು ದಿನ ಸೌತೆ ಹಾಕಿ ಬೇಸತ್ತು, ಅಂಗಡಿಯಿಂದ ನೀಲಿ ಔಷಧ ತಂದು, ಬರೆದದ್ದಕ್ಕಿಂತ ಸ್ವಲ್ಪ ಹೆಚ್ಚೇ ಸುರಿದೆ. ಮರುದಿನ ಬೆಳಿಗ್ಗೆ ಹುಳುಗಳೆಲ್ಲ ಸತ್ತು ತಳದಲ್ಲಿ ಬಿದ್ದಿದ್ದವು. ನಾನು ಗೆದ್ದೆ ಎಂದುಕೊಂಡೆ. ಸಂಜೆ ಮನೆಗೆ ಬಂದರೆ ಗಬ್ಬು ವಾಸನೆ, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆ. ದಾಮಣ್ಣನಿಗೆ ಫೋನು ಮಾಡಿದೆ. ನಂತೂರಿನಲ್ಲಿ ಲಾರಿಗಳ ಸಾಲಿನ ನಡುವೆ ಸಿಕ್ಕಿಬಿದ್ದಿದ್ದರಂತೆ, ಆದರೂ ಮನೆಗೆ ಹೋಗಿ ತಮ್ಮ ಟ್ಯಾಂಕಿನ ನೀರನ್ನೇ ಎರಡು ಕ್ಯಾನು ತುಂಬಿಕೊಂಡು ಬಂದರು. ಸತ್ತ ಹುಳುಗಳನ್ನು ಹೆಕ್ಕಿ, ಅರ್ಧ ನೀರು ಬದಲಿಸಿ, ಮೂರು ಮೀನು ಉಳಿಸಿದರು. ಬೈಗುಳಕ್ಕೆ ನಾನು ತಯಾರಾಗಿ ನಿಂತಿದ್ದೆ.

"ಕೊಂದದ್ದು ಎಲ್ಲಿ ಹೋಗ್ತದೆ ಅಕ್ಕ? ಈ ನೀರಲ್ಲೇ ಉಂಟಲ್ಲ" ಎಂದರು. ಅಷ್ಟೇ. ಅಂದಿನಿಂದ ನಾನು ಅವರ ಮಾತು ಮೀರಲಿಲ್ಲ.

ಸೌತೆ ಮತ್ತೆ ಶುರುವಾಯಿತು. ಆದರೆ ಉಳಿದಿದ್ದ ನಾಲ್ಕು ಮೊಟ್ಟೆಗಳಿಂದಲೇ ಇರಬೇಕು, ಹುಳುಗಳು ಮತ್ತೆ ಹುಟ್ಟಿ, ಎಷ್ಟು ಹಿಡಿದರೂ ಮುಗಿಯದಾದವು. ಒಂದು ಶನಿವಾರ ದಾಮಣ್ಣ ಎರಡು ಸಲ ಎಣಿಸಿದರು. ಹೊಟ್ಟೆಗೆ ಸಿಗದೆ ಇವು ಹೀಗೆ ಹೆಚ್ಚುವುದಿಲ್ಲ, ಯಾರೋ ತಿನ್ನಲು ಹಾಕುತ್ತಿದ್ದಾರೆ ಎಂದರು. ನನಗೆ ಉರಿಯಿತು. ಎರಡೇ ಚಿಟಿಕೆ ಹಾಕುವುದು, ನಾನೇನು ಸುಳ್ಳು ಹೇಳುತ್ತೇನಾ ಎಂದೆ. ಅವರು ಊಟದ ಮೇಜಿನ ಕಡೆಗಿದ್ದ ಮೂಲೆಯಲ್ಲಿ ತಳದ ಕಲ್ಲುಹರಳುಗಳೊಳಗೆ ಪೈಪು ತುರುಕಿ, ಬಾಯಿಂದ ಎಳೆದು, ಬಕೆಟ್ಟಿಗೆ ನೀರು ಬಿಟ್ಟರು. ಕೊಳೆಯ ಜೊತೆ ಕೆಂಪು ಕುಚ್ಚಲಕ್ಕಿಯ ಅಗುಳುಗಳು ತೇಲಿಬಂದವು. ಪಕ್ಕದ ಮನೆಯ ಮಕ್ಕಳ ಕೆಲಸ ಇರಬೇಕು, ಇವತ್ತು ಅವರ ಗ್ರಹಚಾರ ಬಿಡಿಸುತ್ತೇನೆ ಎಂದು ನಾನು ಹಾರಾಡಿದೆ.

ದಾಮಣ್ಣ ಬಕೆಟ್ಟು ತೊಳೆದರು. ಅತ್ತೆ ಅವರಿಗೆ ಚಾ ಕೊಟ್ಟು, ತಾವೂ ಒಂದು ರಸ್ಕು ಹಿಡಿದು ಎದುರು ಕೂತರು. ಇಬ್ಬರೂ ತುಳುವಿನಲ್ಲಿ ಮೀನಿನ ರೇಟಿನ ಬಗ್ಗೆ ಮಾತಾಡಿಕೊಂಡರು. ಹೊರಡುವಾಗ ಅವರು ನನ್ನನ್ನು ಗೇಟಿನ ಬಳಿ ಕರೆದರು.

"ಅಕ್ಕ, ಹುಳದ ವಿಷಯ ಬಿಡಿ. ಅಮ್ಮನನ್ನು ಡಾಕ್ಟ್ರಿಗೆ ತೋರಿಸಿ."

ಅವರಿಗೆ ಏನಾಗಿದೆ, ಚೆನ್ನಾಗಿ ಊಟ ಮಾಡುತ್ತಾರಲ್ಲ ಎಂದೆ.

"ಟ್ಯಾಂಕಿನ ಮೀನು ತಿನ್ನದಿದ್ರೆ ಅದಕ್ಕೆ ಹಸಿವಿಲ್ಲ ಅಂತ ಹೇಳಬಹುದು. ಬಾಯಿಗೆ ತಗೊಂಡು ವಾಪಸ್ ಉಗಿದ್ರೆ, ಹಸಿವುಂಟು, ಗಂಟಲಲ್ಲಿ ಇಳಿಯುವುದಿಲ್ಲ ಅಂತ ಲೆಕ್ಕ. ಅಮ್ಮ ಈಗ ರಸ್ಕನ್ನು ಸೆರಗಿಗೆ ಉಗಿದ್ರು, ನಾನು ನೋಡಿದೆ. ಆ ಅನ್ನ ಅವರದ್ದೇ. ಅವರಿಗೆ ಬೈಬೇಡಿ ಮಾರಾಯ್ರೆ."

ಮಧ್ಯಾಹ್ನ ಅತ್ತೆ ಒಬ್ಬರೇ ಉಣ್ಣುವವರು. ಸಂಜೆ ಬಂದು ನೋಡಿದರೆ ತಟ್ಟೆ ತೊಳೆದಿಟ್ಟಿರುತ್ತಿತ್ತು, ಪಾತ್ರೆ ಖಾಲಿ. ನನ್ನ ಅಡುಗೆ ಅಷ್ಟು ಹಿಡಿಸಿದೆ ಎಂದು ಹಿಗ್ಗುತ್ತಿದ್ದೆ. ರವಿಕೆ ಸಡಿಲವಾಗಿದೆ ಎಂದಾಗ ನಾನೇ ಎರಡೂ ಬದಿ ಹೊಲಿಗೆ ಹಾಕಿ ಬಿಗಿ ಮಾಡಿಕೊಟ್ಟಿದ್ದೆ. ಯಾಕೆ ಸಡಿಲವಾಯಿತು ಎಂದು ಕೇಳಿರಲಿಲ್ಲ.

ಒಳಗೆ ಹೋಗಿ ಕೇಳಿದೆ. ಅತ್ತೆ ಮೊದಲು ಇಲ್ಲವೆಂದರು. ಆಮೇಲೆ ಅತ್ತರು.

"ಒಂದೊಂದು ತುತ್ತೂ ಎದೆಯಲ್ಲಿ ನಿಲ್ತದೆ ಮಗಾ. ಹೇಳಿದ್ರೆ ಅವನು ದುಬೈ ಕೆಲಸ ಬಿಟ್ಟು ಬರ್ತಾನೆ. ನೀನು ಬೈತಿ. ಅನ್ನ ಕಸಕ್ಕೆ ಹಾಕ್ಲಿಕ್ಕೆ ಕೈ ಬರ್ಲಿಲ್ಲ, ಮೀನಾದ್ರೂ ತಿನ್ಲಿ ಅಂತ."

ನೀನು ಬೈತಿ ಎಂಬ ಆ ಮಾತು ನನಗೆ ಇಂದಿಗೂ ನೋಯುತ್ತದೆ.

ಅನ್ನನಾಳದಲ್ಲಿ ಗಡ್ಡೆ. ಇನ್ನೂ ಹರಡಿರಲಿಲ್ಲ. ಇನ್ನು ಕೆಲವು ತಿಂಗಳು ಬಿಟ್ಟು ಬಂದಿದ್ದರೆ ನಮ್ಮಿಂದ ಏನೂ ಮಾಡಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಆಪರೇಷನ್ ಆಯಿತು, ಗಂಡ ಬಂದು ಹೋದರು, ಅತ್ತೆ ಗಂಜಿ ತಿಳಿಯಿಂದ ಗಂಜಿಗೆ, ಗಂಜಿಯಿಂದ ಅನ್ನಕ್ಕೆ ಬಂದರು. ಒಂದು ಊಟಕ್ಕೆ ಮುಕ್ಕಾಲು ಗಂಟೆ ಬೇಕು, ಆದರೆ ಇಳಿಯುತ್ತದೆ. ಟ್ಯಾಂಕಿನ ಹುಳುಗಳೂ ತಾವಾಗಿಯೇ ಕಡಿಮೆಯಾದವು. ಎಲ್ಲವನ್ನೂ ತೆಗೆದುಬಿಡಿ ಎಂದರೆ ದಾಮಣ್ಣ ಒಪ್ಪಲಿಲ್ಲ. "ಐದಾರು ಇರಲಿ. ಮನೆಯಲ್ಲಿ ಎಂತ ನಡೀತದೆ ಅಂತ ಹೇಳ್ಲಿಕ್ಕೆ ಯಾರಾದ್ರೂ ಬೇಕಲ್ವಾ?" ನೀವು ಅತ್ತೆಯ ಜೀವ ಉಳಿಸಿದಿರಿ ಎಂದು ನಾನು ಕೈಮುಗಿದರೆ, ಅವರು ಮುಖ ತಿರುಗಿಸಿ ಪೈಪು ಸುತ್ತತೊಡಗಿದರು. ಕಲಿತವರು ಎಷ್ಟೋ ಜನ ನಮ್ಮ ಮನೆಗೆ ಬಂದು ಹೋಗಿದ್ದರು. ಅತ್ತೆಯನ್ನು ನೋಡಿದವರು ಅವರೊಬ್ಬರೇ.

ಕಳೆದ ಡಿಸೆಂಬರಿನಲ್ಲಿ ಅವರ ಹೆಂಡತಿ ಫೋನು ಮಾಡಿದರು. ಬೆಳಿಗ್ಗೆ ಕೋಳಿಗಳಿಗೆ ಕಾಳು ಹಾಕುತ್ತಿದ್ದವರು ಎದೆ ಹಿಡಿದು ಕೂತರಂತೆ, ಏಳಲಿಲ್ಲ. ನಾನು ಆಫೀಸಿನಲ್ಲೇ ಅತ್ತುಬಿಟ್ಟೆ.

ಬೊಜ್ಜದ ದಿನ, ಅಂದರೆ ಅವರ ಉತ್ತರಕ್ರಿಯೆಗೆ, ಅತ್ತೆ ತಾವೂ ಬರುತ್ತೇನೆಂದರು. ಆಪರೇಷನ್ ಆದಮೇಲೆ ಅವರು ಪಂಕ್ತಿಯಲ್ಲಿ ಕೂತವರಲ್ಲ. ತನ್ನಿಂದಾಗಿ ಉಳಿದವರು ಕಾಯಬೇಕಲ್ಲ ಎಂಬ ನಾಚಿಕೆ. ಅಂದು ಹೋಗಿ ಎಲೆಯ ಮುಂದೆ ಕೂತರು. ಅನ್ನ, ಸಾರು, ಪಲ್ಯ, ಪಾಯಸ ಎಲ್ಲ ಬಂತು. ಎಲ್ಲರೂ ಉಂಡೆದ್ದರು. ಅತ್ತೆಯ ಎಲೆಯಲ್ಲಿ ಇನ್ನೂ ಅರ್ಧ ಅನ್ನ. ಮುಂದಿನ ಪಂಕ್ತಿಯವರು ಬಾಗಿಲಲ್ಲಿ ನಿಂತಿದ್ದರು. ಸಾಕು ಬಿಡಿ ಅತ್ತೆ, ಏಳೋಣ ಎಂದು ಪಿಸುಗುಟ್ಟಿದೆ.

"ನೀನು ಬೇಕಾದ್ರೆ ಏಳು. ಇವತ್ತು ನಾನು ಒಂದು ಅಗುಳೂ ಬಿಡುವುದಿಲ್ಲ" ಎಂದರು.

ದಾಮಣ್ಣನ ಹೆಂಡತಿಗೆ ಅದು ಕೇಳಿಸಿತು. ಆಕೆ ಬಂದು, ಬಾಗಿಲಲ್ಲಿದ್ದವರನ್ನು ಸ್ವಲ್ಪ ಕಾಯಲು ಹೇಳಿ, ಖಾಲಿಯಾದ ಸಾಲಿನಲ್ಲಿ ಅತ್ತೆಯ ಪಕ್ಕ ಕೂತು, ಅನ್ನ ಮೆತ್ತಗಾಗಲೆಂದು ಇನ್ನೊಂದು ಸೌಟು ಸಾರು ಬಡಿಸಿದರು. ಅತ್ತೆ ನಿಧಾನವಾಗಿ ಉಂಡರು. ಕೊನೆಯ ಅಗುಳನ್ನು ಬೆರಳಿಂದ ಎತ್ತಿ ಬಾಯಿಗಿಟ್ಟುಕೊಂಡರು. ಅದು ಗಂಟಲಲ್ಲಿ ಇಳಿಯುವವರೆಗೆ ನಾವಿಬ್ಬರೂ ಅವರ ಮುಖವನ್ನೇ ನೋಡುತ್ತಾ ಕೂತೆವು.